ಎದುರು ಮಾತಿನ ಮನುಷ್ಯ

ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಮುಂಬಯಿಯ ಕನ್ನಡ ಸಂಘದವರು ಕೇಳಿ ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಏಳುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆಯೇ ಎಂದು ಅಡಿಗೆಮನೆಗೆ ಹೋಗಿ ನೋಡುತ್ತೇನೆ, ಇಟ್ಟಿರುವುದಿಲ್ಲ. ಮತ್ತೆ ಬಂದು ಕೂರುತ್ತೇನೆ. ಒಳ್ಳೆಯ ಮಾತಿಗೆ ಅವರಲ್ಲಿ ಕೊರತೆಯಿತ್ತು ಎಂದಲ್ಲ. ಆದರೆ ಹೊಗಳಿಕೆ ಅವರಿಗೆ ಆಗಿಬರುತ್ತಿರಲಿಲ್ಲ. ಯಾರಾದರೂ ಎದುರಿಗೇ ಹೊಗಳಿದರೆ ಅಂಗಿಯೊಳಗೆ ಇರುವೆ ಹೊಕ್ಕವರಂತೆ ಒದ್ದಾಡಿ, ಏನೋ ಕೆಲಸ ನೆನಪಾಯಿತೆಂದು ಎದ್ದು ಹೋಗಿಬಿಡುತ್ತಿದ್ದರು. ಅಂಥವರನ್ನು ಹೊಗಳಿ ಬರೆದರೆ ಸತ್ತ ಮೇಲೂ ಅವರಿಗೆ ಹಿಂಸೆ ಕೊಟ್ಟಂತಾಗುತ್ತದೆ. ಅದೂ ಅಲ್ಲದೆ ನನಗೆ ಅವರ ಮೇಲೆ ಸಿಟ್ಟಿದೆ. ಹಾಗಾಗಿ ಸಂಘದವರಿಗೆ ಏನು ಬೇಕೋ ಅದನ್ನು ಬಿಟ್ಟು, ನನಗೆ ಗೊತ್ತಿರುವುದನ್ನು ಬರೆಯುತ್ತಿದ್ದೇನೆ.

ಅವರನ್ನು ಮೊದಲು ನೋಡಿದ್ದು ಅಂಧೇರಿಯ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ. ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ತರುವುದು, ಅದಕ್ಕೆ ದನಿ ಹುಡುಕುವುದು, ರೆಕಾರ್ಡ್ ಆದದ್ದನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಮೈಸೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕಲಿತ ವಿದ್ಯೆ ಇದು. ಮಂಡಿನೋವಿನ ಎಣ್ಣೆಯೊಂದಕ್ಕೆ ವಯಸ್ಸಾದ ಗಂಡಸಿನ ದನಿ ಬೇಕಾಗಿತ್ತು. ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು, ಕಂಚಿನಂಥ ಕಂಠ ಎಂದು ಯಾರೋ ಹೇಳಿ ಕಳುಹಿಸಿದರು. ಬಂದವರೇ ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಓದಿಕೊಂಡರು.

"ಇದನ್ನು ಹಚ್ಚಿದರೆ ಮಂಡಿನೋವು ಹೋಗ್ತದಾ?"

"ಸ್ಕ್ರಿಪ್ಟಲ್ಲಿ ಹಾಗಿದೆ ಸಾರ್."

"ಸ್ಕ್ರಿಪ್ಟು ಬಿಡಿ. ನೀವು ಎಂಥ ಹೇಳ್ತೀರಿ?"

ನಾನು ಕಣ್ಣಲ್ಲೇ ಗಾಜಿನ ಕಡೆ ತೋರಿಸಿದೆ. ಗಾಜಿನ ಆಚೆ ಎಣ್ಣೆ ಕಂಪನಿಯವರು ಕೂತಿದ್ದರು.

"ಹೀಗೆ ಮಾಡುವ," ಎಂದರು. "ಹೋಗುದಿಲ್ಲ ಅಂತ ನಾನು ವಾದ ಮಾಡ್ತೇನೆ. ಹೋಗ್ತದೆ ಅಂತ ನೀವು ಹೇಳಿ. ಕಡೆಗೆ ನಾನು ಸೋಲ್ತೇನೆ. ಆಗ ಕೇಳುವವನಿಗೆ ನಂಬಿಕೆ ಬರ್ತದೆ. ಸುಮ್ಮನೆ ಹೋಗ್ತದೆ ಹೋಗ್ತದೆ ಅಂದರೆ ಯಾರು ನಂಬ್ತಾರೆ ಮಾರಾಯ್ತಿ?"

ಕಂಪನಿಯವರಿಗೆ ಕನ್ನಡ ಬಾರದು. ಮುದುಕ ಯಾಕೆ ಜಗಳವಾಡುತ್ತಿದ್ದಾನೆ ಎಂದು ಹಿಂದಿಯಲ್ಲಿ ಕೇಳಿದರು. ಆ ಕೆಲಸ ಬೇರೊಬ್ಬರಿಗೆ ಹೋಯಿತು. ಅವರಿಗೇನೂ ಬೇಸರವಾದಂತೆ ಕಾಣಲಿಲ್ಲ. ಲಿಫ್ಟಿನವರೆಗೆ ಹೋದವರು ವಾಪಸು ಬಂದು, "ನಿಮಗೆ ದನಿ ಕತ್ತರಿಸಿ ಜೋಡಿಸಲಿಕ್ಕೆ ಬರ್ತದಲ್ಲ? ನನ್ನದೊಂದು ಪಾಡ್‌ಕಾಸ್ಟು ಉಂಟು. ಬುಧವಾರ ಮಧ್ಯಾಹ್ನ ಬನ್ನಿ," ಎಂದು, ನಾನು ಹೂಂ ಅನ್ನುವ ಮೊದಲೇ ಮೆಟ್ಟಿಲಿಳಿದು ಹೋದರು. ಅವರಿಗೆ ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ.

ಕಾಲಿಗೆ ಚಕ್ರ ಕಟ್ಟಿಕೊಂಡವರು ಅಂತಾರಲ್ಲ, ಆ ಜಾತಿ. ಹೋಟೆಲಿನ ಗಲ್ಲೆಯ ಹಿಂದೆ ಅವರಿಗೊಂದು ಎತ್ತರದ ಕುರ್ಚಿ ಇತ್ತು. ಅದರ ಮೇಲೆ ಅವರು ಕೂತದ್ದನ್ನು ನಾನು ನೋಡಿಲ್ಲ. ಅದರ ಮೇಲೆ ಪತ್ರಿಕೆಗಳು ಕೂತಿರುತ್ತಿದ್ದವು. ಖಾಲಿ ಲೋಕಲ್‌ನಲ್ಲೂ ಬಾಗಿಲ ಬಳಿ ನಿಂತೇ ಪ್ರಯಾಣ. ಇನ್ನೊಬ್ಬರ ಮಾತು ಕೇಳುವಾಗ ಮೇಜಿನ ಸುತ್ತ ಸುತ್ತುತ್ತಿದ್ದರು. ಅವರು ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುತ್ತಿದ್ದದ್ದು ಒಂದೇ ಕಡೆ, ತಾಳಮದ್ದಳೆಯಲ್ಲಿ.

ನಮ್ಮ ಮೈಸೂರು ಕಡೆಯವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಪಂಚೆ ಶಲ್ಯದ ಗಂಡಸರು ಎದುರುಬದುರು ಕೂತು, ಒಬ್ಬ ರಾಜನಾಗಿ, ಇನ್ನೊಬ್ಬ ಅವನ ವೈರಿಯಾಗಿ, ಆ ಕ್ಷಣಕ್ಕೆ ಹೊಳೆದದ್ದನ್ನು ಹೊಳೆದಂತೆ ವಾದಿಸುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಮುಂಬಯಿಯ ಹೋಟೆಲುಗಳಲ್ಲಿ, ಬ್ಯಾಂಕುಗಳಲ್ಲಿ ಕೆಲಸಕ್ಕೆ ಬಂದ ಕರಾವಳಿಯವರು ಈ ಹುಚ್ಚನ್ನು ಜೊತೆಗೇ ತಂದರು. ಮೊದಲ ಸಲ ಅವರ ತಾಳಮದ್ದಳೆ ನೋಡಲು ಹೋದಾಗ ಬ್ಯಾಂಕಿನಿಂದ ನಿವೃತ್ತರಾದ ಅವರ ಸ್ನೇಹಿತರೊಬ್ಬರು ಎದುರು ಕೂತಿದ್ದರು. ಇಬ್ಬರೂ ಒಬ್ಬರ ಹುಟ್ಟು, ಇನ್ನೊಬ್ಬರ ನಿಯತ್ತು ಎಲ್ಲವನ್ನೂ ಜಾಲಾಡಿದರು. ಇನ್ನು ಇವರು ಜನ್ಮದಲ್ಲಿ ಮುಖ ನೋಡುವುದಿಲ್ಲ ಅಂದುಕೊಂಡೆ. ಮಂಗಳ ಹಾಡಿ ಮುಗಿಸಿದ್ದೇ ತಡ, ಆ ಸ್ನೇಹಿತರು ಇವರ ತಟ್ಟೆಯಿಂದಲೇ ಗೋಳಿಬಜೆ ತೆಗೆದುಕೊಂಡು ತಿನ್ನುತ್ತಿದ್ದರು.

ಆ ಪದ್ಧತಿಯನ್ನೇ ಈ ಮನುಷ್ಯ ಪಾಡ್‌ಕಾಸ್ಟಿಗೆ ತಂದುಬಿಟ್ಟರು.

ಹೋಟೆಲಿನ ಮೇಲಿನ ಫ್ಯಾಮಿಲಿ ರೂಮೇ ಸ್ಟುಡಿಯೋ. ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ಮೊದಲು ಸಿಗುವ ಸಮಯದಲ್ಲಿ ರೆಕಾರ್ಡಿಂಗ್. ದಪ್ಪ ಪರದೆ, ಮೆತ್ತನೆಯ ಸೀಟು ಇದ್ದುದರಿಂದ ದನಿ ಗುಂಯ್‌ಗುಡುತ್ತಿರಲಿಲ್ಲ. ಎಸಿ ಆರಿಸಬೇಕು, ಕೆಳಗೆ ಹಿಟ್ಟು ರುಬ್ಬುವವರಿಗೆ ಹೇಳಿ ಗ್ರೈಂಡರ್ ನಿಲ್ಲಿಸಬೇಕು. ಬೆವರು ಸುರಿಸಿಕೊಂಡು ಹಾಡಬೇಕು, ಬೆವರು ಸುರಿಸಿಕೊಂಡು ಬೈಸಿಕೊಳ್ಳಬೇಕು. ಕರೆಯುತ್ತಿದ್ದದ್ದು ಟಿವಿಯವರು ತಿರುಗಿಯೂ ನೋಡದ ಮಂದಿಯನ್ನು. ಪಿಟೀಲಿನ ತಂತಿಗೆ ಕ್ಲಿಪ್ಪು ಸಿಕ್ಕಿಸಿ ಕಿರ್‌ಗುಟ್ಟಿಸುವ ಹುಡುಗ, ಭಾಂಡುಪಿನ ಚಾಳಿನ ಹೆಂಗಸರನ್ನು ಕಟ್ಟಿಕೊಂಡು ನೀರಿನ ಸರದಿಯ ಮೇಲೆ ನಾಟಕ ಮಾಡುವ ಮರಾಠಿ ಟೀಚರು, ಬಾಯಲ್ಲೇ ತಬಲಾ ನುಡಿಸುವವರು, ಮೈಕಿನ ಮುಂದೆ ನಿಂತು ಪ್ರಾಸವಿಲ್ಲದ ಕವಿತೆ ಹೇಳುವವರು. ಕನ್ನಡ, ತುಳು, ಹಿಂದಿ, ಮರಾಠಿ ಎಲ್ಲ ಕಲಸಿದ ಮಾತು. ಯಾರು ಕೇಳುತ್ತಾರೆ ಇದನ್ನು ಎಂದು ನಾನು ಒಮ್ಮೆ ರೇಗಿದೆ. "ನೀವು ಕೇಳ್ತೀರಲ್ಲ. ಕತ್ತರಿಸಬೇಕಾದರೆ ಕೇಳಲೇಬೇಕು," ಎಂದರು.

ಅತಿಥಿ ಕೂತ ಕೂಡಲೇ ನಮಸ್ಕಾರವಿಲ್ಲ, ಪರಿಚಯವಿಲ್ಲ; ನೇರ ದಾಳಿ. ಪಿಟೀಲಿನವನಿಗೆ, "ಇದಕ್ಕೆ ಆರು ವರ್ಷ ಗುರುಗಳ ಹತ್ತಿರ ಹೋಗಬೇಕಿತ್ತಾ? ನಮ್ಮ ಶಟರ್ ಎಳೆದರೆ ಇದೇ ಶಬ್ದ ಬರ್ತದೆ." ಕವಿತೆಯವಳಿಗೆ, "ಬೇಸರ ಅಂದೆ, ಒಂಟಿತನ ಅಂದೆ. ಬೆಳಗ್ಗಿನ ವಿರಾರ್ ಲೋಕಲ್ಲಿನಲ್ಲಿ ಒಂಟಿತನ ಎಲ್ಲಿ ಸಿಗ್ತದೆ, ಅಡ್ರೆಸ್ ಕೊಡು." ಪಿಟೀಲಿನವನು ಮೊದಲು ಕೆಂಪಾದ, ಆಮೇಲೆ ಶಟರಿನ ಶಬ್ದಕ್ಕೂ ತನ್ನದಕ್ಕೂ ಏನು ವ್ಯತ್ಯಾಸ ಎಂದು ವಿವರಿಸಲು ಹೊರಟ. ಹಾಗೆ ವಿವರಿಸುತ್ತ ಅವನು ಹೇಳಿದ ಮಾತುಗಳನ್ನು ಯಾವ ಸಂಗೀತ ಸಭೆಯಲ್ಲೂ ನಾನು ಕೇಳಿರಲಿಲ್ಲ. ಮೈಕು ಆಫ್ ಆದ ಮೇಲೆ ಇವರೇ ಕೆಳಗಿಳಿದು ಹೋಗಿ ಕಾಫಿ ತರುತ್ತಿದ್ದರು. ವಾದದ ಬಗ್ಗೆ ಆಮೇಲೆ ಒಂದಕ್ಷರ ಇಲ್ಲ.

ಇದು ಸರಿಯಾಗಿ ಅರ್ಥವಾದದ್ದು ಧಾರಾವಿಯ ರ‍್ಯಾಪ್ ಹುಡುಗರಿಗೆ. ಅವರಲ್ಲೊಬ್ಬನ ಮನೆಯವರು ಕಲಬುರಗಿ ಕಡೆಯಿಂದ ಬಂದು ಚರ್ಮದ ಚೀಲ ಹೊಲಿಯುವವರು. ಅವನನ್ನು ಇವರು ಏಳು ಕೆರೆ ನೀರು ಕುಡಿಸಿದರು. ಅವನು ಅಷ್ಟೇ ಜೋರಾಗಿ ಪ್ರಾಸ ಕಟ್ಟಿ ಇವರ ಬೊಕ್ಕತಲೆಯಿಂದ ಹಿಡಿದು ಹೋಟೆಲಿನ ನೀರು ಸಾಂಬಾರಿನವರೆಗೆ ಝಾಡಿಸಿದ. ಮುಗಿದ ಮೇಲೆ ಕಾಲಿಗೆ ನಮಸ್ಕಾರ ಮಾಡಿ, "ಕಾಕಾ, ನೀವು ಭಾರಿ ಬೈತೀರ್ರಿ. ನಮ್ಮ ಏರಿಯಾಕ್ಕ ಬರ್ರಿ, ಒಂದು ಬ್ಯಾಟಲ್ ಇಡೂಣು," ಎಂದ. ಅವತ್ತು ಇವರು ಮಕ್ಕಳಂತೆ ಖುಷಿಪಟ್ಟರು.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಉಂಟಲ್ಲ, ಅದು ಸುಳ್ಳು," ಎನ್ನುತ್ತಿದ್ದರು. "ಮಾತು ಬಲ್ಲವನಿಗೆ ಮಾತ್ರ ಜಗಳ ಆಡ್ಲಿಕ್ಕೆ ಬರ್ತದೆ. ಉಳಿದವರದ್ದು ಬರೀ ಗಲಾಟೆ." ಇನ್ನೊಂದು ಅವರ ಮಾತು: "ಚಪ್ಪಾಳೆ ಹೊಡೆಯುವವ ಕೇಳುದಿಲ್ಲ. ಅವನ ಕಿವಿ ಅವನ ಕೈಯಲ್ಲೇ ಇರ್ತದೆ."

ಇಂಥವರ ಮುಂದೆ ನನ್ನ ಮಗಳನ್ನು ಕೂರಿಸಿದೆ.

ನಿಧಿ ಹುಟ್ಟಿ ಬೆಳೆದದ್ದೆಲ್ಲ ಪವಾಯಿಯಲ್ಲಿ. ನಾವಾಡುವ ಕನ್ನಡ ಪೂರ್ತಿ ತಿಳಿಯುತ್ತದೆ; ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಹಿಡಿಯುತ್ತಾಳೆ. ಕಾಲೇಜು ಮುಗಿಸಿ, ಮಕ್ಕಳಿಗೆ ಕೀಬೋರ್ಡು ಹೇಳಿಕೊಡುತ್ತ, ಉಳಿದ ಹೊತ್ತಿನಲ್ಲಿ ಹೆಡ್‌ಫೋನು ಹಾಕಿಕೊಂಡು ಏನೇನೋ ಶಬ್ದಗಳನ್ನು ಪೋಣಿಸುತ್ತಿದ್ದಳು. ಆ ವರ್ಷ ಅವಳು ಕೈ ಹಾಕಿದ್ದು ನಮ್ಮ ಬಿಲ್ಡಿಂಗಿನ ಕುಕ್ಕರುಗಳಿಗೆ. ಬೆಳಗ್ಗೆ ಮಹಡಿ ಮಹಡಿ ಹತ್ತಿ, ಎಲ್ಲರ ಮನೆ ಬಾಗಿಲಲ್ಲಿ ಮೈಕು ಹಿಡಿದು ನಿಂತು ಸೀಟಿಗಳನ್ನು ಹಿಡಿದಳು. ಎದುರು ಮನೆಯ ಗುಜರಾತಿ ಬೆನ್, ನಮ್ಮದು ಹಳೇ ಕುಕ್ಕರು, ಹೊಸದು ತಂದ ಮೇಲೆ ಬರ್ತೀಯಾ ಎಂದು ಕೇಳಿದರಂತೆ. ಎಲ್ಲ ಸೀಟಿಗಳನ್ನು ಅವು ಬೆಳಗ್ಗೆ ಕೂಗುವ ಸರದಿಯಲ್ಲೇ ಜೋಡಿಸಿ, ಕೆಲವನ್ನು ಹಿಗ್ಗಿಸಿ, ಒಂದರ ಮೇಲೊಂದು ಹಾಸಿ, ಒಂದು ಸಂಗೀತ ಮಾಡಿದಳು. ನನಗೆ ಕೇಳಿಸಿದಾಗ ಇನ್ನೊಮ್ಮೆ ಹಾಕು ಎಂದೆ. ಬೇರೆ ಯಾರಿಗೂ ಕೇಳಿಸದೆ ಇಟ್ಟುಕೊಂಡಿದ್ದಳು. ಇದು ಹಾಡೂ ಅಲ್ಲ, ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಎಂದರೆ ಅಪ್ಪ ನಗುತ್ತಾನೆ ಎಂಬ ಹೆದರಿಕೆ. ನಾನೇ ಒತ್ತಾಯಿಸಿ ಅವರಿಗೆ ಕಳಿಸಿದೆ. ಮರುದಿನವೇ ಫೋನು ಬಂತು. "ಬುಧವಾರ ಕರ್ಕೊಂಡು ಬನ್ನಿ. ನಾನು ಒಳ್ಳೆ ತಯಾರಿ ಮಾಡಿಕೊಳ್ತೇನೆ."

ಆ ತಯಾರಿ ಏನೆಂದು ನನಗೆ ಹೊಳೆಯಬೇಕಿತ್ತು ಅನ್ನುವವರು ಅನ್ನಲಿ. ತಾಯಿಯಾದವಳಿಗೆ ಮಗಳ ವಿಷಯದಲ್ಲಿ ಜಗತ್ತೆಲ್ಲ ಮೆದುವಾಗುತ್ತದೆ ಎಂಬ ನಂಬಿಕೆ ಇರುತ್ತದೆ.

ಅವತ್ತು ಸಂಗೀತ ಕೇಳಿಸಿ ಮುಗಿದ ಮೇಲೆ ಅವರು ಎದ್ದು ಒಂದು ಸುತ್ತು ಹಾಕಿ, ಕುರ್ಚಿಯ ಬೆನ್ನು ಹಿಡಿದು ನಿಂತು ಶುರುಮಾಡಿದರು.

"ನೋಡು ಮಗಾ, ಕುಕ್ಕರು ಕೂಗುವುದು ಬೇಳೆ ಬೆಂದಿತು ಅಂತ ಹೇಳ್ಲಿಕ್ಕೆ. ನಿನ್ನ ಕುಕ್ಕರು ಎಂಥ ಬೇಯಿಸಿತು? ಅಷ್ಟು ಮನೆಯ ಹೆಂಗಸರು ಬೆಳಗಾತ ಎದ್ದು ಒಲೆ ಮುಂದೆ ನಿಂತರು. ನೀನು ಬಾಗಿಲಲ್ಲಿ ಮೈಕು ಹಿಡಿದು ನಿಂತಿ. ಕೆಲಸ ಅವರದ್ದು, ಹೆಸರು ನಿನ್ನದು. ನಿನಗೆ ಹೇಳ್ಲಿಕ್ಕೆ ಏನಾದ್ರೂ ಇದ್ದಿದ್ದರೆ ನೀನೇ ಬಾಯಿಬಿಟ್ಟು ಹೇಳ್ತಿದ್ದಿ. ಇಲ್ಲ. ಅದಕ್ಕೆ ಕುಕ್ಕರಿನ ಬಾಯಿಯಿಂದ ಹೇಳಿಸಿದ್ದು. ಅಲ್ಲ ಅಂತಾದರೆ ಹೇಳು."

ಹೇಳಿ, ಕಣ್ಣರಳಿಸಿ ಅವಳ ಉತ್ತರಕ್ಕೆ ಕಾದರು. ಮುಖದಲ್ಲಿ ಎಂಥ ಉತ್ಸಾಹ! ನಿಧಿ ನನ್ನ ಕಡೆ ನೋಡಿದಳು. ಬಾಯಿ ತೆರೆದಳು. "ಅಂಕಲ್, ವೋ... ಅದು..." ಎಂದಳು. ಮುಂದಿನ ಮಾತು ಯಾವ ಭಾಷೆಯಲ್ಲೂ ಬರಲಿಲ್ಲ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಹೋದಳು.

ನನಗೆ ಮೈಯೆಲ್ಲ ಉರಿಯಿತು.

"ಏನ್ ಸಾರ್ ಇದು? ಅವಳೇನು ನಿಮ್ಮ ಪ್ರಸಂಗದ ವೈರಿಯೇ? ಇಪ್ಪತ್ತೆರಡು ವರ್ಷದ ಮಗು ಅದು."

"ಎಂಥ ಆಯಿತು?" ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. "ನಾನು ಎದುರು ಅರ್ಥ ಹೇಳಿದ್ದಲ್ಲವಾ? ಒಳ್ಳೇ ಗಟ್ಟಿಯಾಗಿ ಹೇಳಿದೆ. ಮೆತ್ತಗೆ ಹೇಳಿದರೆ ಅವಳಿಗೆ ಮರ್ಯಾದೆ ಎಂಥ ಉಳೀತು? ಹೊಸಬರ ಎದುರು ದೊಡ್ಡ ಅರ್ಥಧಾರಿಯನ್ನು ಕೂರಿಸುವುದು ಯಾಕೆ? ಅವ ಎಳೆದು ಎಬ್ಬಿಸಲಿ ಅಂತ."

"ಅವಳಿಗೆ ನಿಮ್ಮ ತಾಳಮದ್ದಳೆ ಗೊತ್ತಿಲ್ಲ."

"ನೀವು ಹೇಳ್ಲಿಲ್ಲವಾ?"

ನಾನು ಲ್ಯಾಪ್‌ಟಾಪು ಮುಚ್ಚಿ ಹೊರಟುಬಿಟ್ಟೆ. ಆಮೇಲೆ ಅವರ ಪಾಡ್‌ಕಾಸ್ಟಿಗೆ ಕೈ ಹಚ್ಚಲಿಲ್ಲ. ನಿಧಿ ಶಬ್ದಗಳ ಫೈಲುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗಿಟ್ಟಳು. ಮೈಕನ್ನು ಸ್ನೇಹಿತೆಯೊಬ್ಬಳಿಗೆ ಕೊಟ್ಟಳು. ಅಡಿಗೆಮನೆಯಲ್ಲಿ ಕುಕ್ಕರು ಕೂಗಿದರೆ ಟಿವಿಯ ಸದ್ದು ಹೆಚ್ಚಿಸುತ್ತಿದ್ದಳು. ಅಪ್ಪ ನಗಲಿಲ್ಲ, ಪಾಪ, ಅವರಿಗೆ ಏನು ನಡೆಯಿತೆಂದೇ ತಿಳಿಯಲಿಲ್ಲ.

ಅವರು ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ಫೋನು. ಕ್ಷಮಿಸಿ ಎಂದಲ್ಲ. "ಅವಳ ಉತ್ತರ ತಯಾರಾಯಿತಾ? ಆ ಎಪಿಸೋಡು ನಾನು ಹಾಕಲಿಲ್ಲ. ಒಂದು ಕಡೆಯ ಮಾತು ಮಾತ್ರ ಹಾಕಿದರೆ ಅದು ಬೈಗಳ ಆಗ್ತದೆ. ಅವಳು ಬಂದು ಹೇಳ್ಲಿ, ಆಮೇಲೆ ಹಾಕುವ." ಒಮ್ಮೆ ನಾನೇ ಅಂದೆ, "ಸಾರಿ ಅಂತ ಒಂದು ಮಾತು ಹೇಳಿಬಿಡಿ ಸಾರ್, ಬರ್ತಾಳೆ." "ಸಾರಿ ಹೇಳಿದರೆ ನಾನು ಅವಳನ್ನು ಮಗು ಅಂತ ತಿಳ್ಕೊಂಡ ಹಾಗಾಯ್ತಲ್ಲ. ನೀವು ತಾಯಿ, ನೀವು ತಿಳ್ಕೊಳ್ಳಿ. ನಾನು ಹಾಗೆ ತಿಳ್ಕೊಳ್ಳುದಿಲ್ಲ," ಎಂದರು. ಹಟಮಾರಿ ಮುದುಕ ಎಂದು ಬೈದು ಫೋನಿಟ್ಟೆ.

ಒಂದು ಭಾನುವಾರ ಮನೆಗೇ ಬಂದರು. ಗ್ರಾಂಟ್ ರೋಡಿನಿಂದ ದಾದರ್, ದಾದರಿನಿಂದ ಕಾಂಜುರ್, ಅಲ್ಲಿಂದ ಆಟೋ. ಕೈಯಲ್ಲಿ ಹೋಟೆಲಿನ ಬನ್ಸು. ಕೂರಿ ಎಂದರೆ ಕೂರಲಿಲ್ಲ. ಕಿಟಕಿಯಿಂದ ಕೆರೆ ನೋಡಿದರು, ಶೋಕೇಸು ನೋಡಿದರು. ನಿಧಿ ಇವರ ದನಿ ಕೇಳಿದ್ದೇ ಕೋಣೆಯ ಬಾಗಿಲು ಹಾಕಿಕೊಂಡಳು. ಇವರು ಆ ಬಾಗಿಲ ಮುಂದೆ ಹೋಗಿ ನಿಂತರು. ಈಗಾದರೂ ಸಮಾಧಾನದ ಮಾತು ಹೇಳುತ್ತಾರೆ ಅಂದುಕೊಂಡೆ.

"ಹಾಗಾದರೆ ಸೋತೆ ಅಂತ ಒಪ್ಪಿಕೋ ಮಗಾ," ಎಂದರು ಬಾಗಿಲಿಗೆ. "ನಾನು ಹೇಳಿದ್ದೇ ಸರಿ ಅಂತ ಆಯ್ತು. ಕುಕ್ಕರಿಗೆ ಬಾಯಿ ಉಂಟು, ನಿನಗಿಲ್ಲ."

ಒಳಗಿನಿಂದ ಏನೋ ಬಾಗಿಲಿಗೆ ಬಡಿದ ಸದ್ದಾಯಿತು; ದಿಂಬಿರಬೇಕು. ಅವರ ಮುಖ ಬೆಳಗಿತು. ನಾನು ಮಾತ್ರ, "ದಯವಿಟ್ಟು ಹೊರಡಿ ಸಾರ್," ಎಂದೆ. ಹಾಗೆ ಯಾರನ್ನೂ ನಾನು ಮನೆಯಿಂದ ಕಳಿಸಿದವಳಲ್ಲ. ಚಪ್ಪಲಿ ಮೆಟ್ಟಿ ಲಿಫ್ಟಿನ ಬಳಿ ನಿಂತರು. ಅವತ್ತು ಲಿಫ್ಟಿಗೆ ಕಾದರು, ನೆನಪಿದೆ. ಮಧ್ಯಾಹ್ನದ ಅಡಿಗೆಯ ಹೊತ್ತು. ಮೇಲೆಲ್ಲೋ ಒಂದು ಕುಕ್ಕರು ಕೂಗಿತು. ಅವರು ತಲೆಯೆತ್ತಿದರು.

"ಇದು ಐದನೇ ಮಾಳಿಗೆಯದ್ದಲ್ಲವಾ? ಕೂಗುವ ಮೊದಲು ಸ್ವಲ್ಪ ಕೆಮ್ತದೆ."

ಐದನೇ ಮಹಡಿಯದೇ. ಅಲ್ಲಿಯವರೆಗೆ ಅದು ಕೆಮ್ಮುತ್ತದೆಂದು ಆ ಬಿಲ್ಡಿಂಗಿನಲ್ಲೇ ಇರುವ ನಾನು ಗಮನಿಸಿರಲಿಲ್ಲ. ಅವಳ ಸಂಗೀತವನ್ನು ಅವರು ಎಷ್ಟು ಸಲ ಕೇಳಿರಬೇಕು! ಒಳಗೆ ಬಂದು ನಿಧಿಗೆ ಹೇಳಿದೆ. "ತೋ? ಕೇಳಿದರೆ ಏನಾಯ್ತು?" ಎಂದಳು. ಅವಳ ಕಣ್ಣು ಕೆಂಪಗಿತ್ತು. ಆದರೂ ಅವತ್ತು ಬನ್ಸು ಒಂದೂ ಉಳಿಯಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದರು. ಗಲ್ಲೆಯ ಹಿಂದೆ ನಿಂತವರು ನಿಂತಂತೆಯೇ ಕುಸಿದರಂತೆ. ಆಸ್ಪತ್ರೆಗೆ ಸೇರಿಸಿದರು, ಮರುದಿನ ಬೆಳಗ್ಗೆ ಸುದ್ದಿ ಬಂತು. ಫೋನಿಟ್ಟು ನಿಧಿಗೆ ಹೇಳಿದೆ. ಅವಳು ಅಳಲಿಲ್ಲ. ಕೋಣೆಗೆ ಹೋಗಿ ಬೀರುವಿನಿಂದ ಬೆಡ್‌ಶೀಟುಗಳನ್ನೆಲ್ಲ ಕೆಳಗೆಳೆದು ಹಾರ್ಡ್ ಡಿಸ್ಕು ಹುಡುಕತೊಡಗಿದಳು. ಮುಂದಿನ ದಿನಗಳಲ್ಲಿ ಮನೆ ತುಂಬ ಓಡಾಡಿದಳು. ಹಲ್ಲುಜ್ಜುತ್ತ ಏನೋ ಗೊಣಗುವುದು, ಬಾಲ್ಕನಿಯಲ್ಲಿ ನಿಂತು ಕೈಯಾಡಿಸುವುದು. "ಅಮ್ಮಾ, 'ಹಕ್' ಅನ್ನೋದಕ್ಕೆ ಕನ್ನಡದಲ್ಲಿ ಏನು?" ಎಂದು ಸ್ನಾನದ ಮನೆಯಿಂದ ಕೂಗುವುದು. ಸಂತಾಪ ಸಭೆಗೆ ತಾನೂ ಬರುತ್ತೇನೆ ಎಂದಳು.

ಸಭೆ ಮಾಟುಂಗದ ಒಂದು ಸಭಾಂಗಣದಲ್ಲಿ. ವೇದಿಕೆಯ ಮೇಲೆ ಮಾಲೆ ಹಾಕಿದ ಫೋಟೋ. ಫೋಟೋದಲ್ಲೂ ಈಗ ಎದ್ದು ಹೋಗುವವರ ಹಾಗೆ ಇದ್ದರು. ಒಬ್ಬೊಬ್ಬರಾಗಿ ಬಂದು ಹೊಗಳಿದರು. ಕಲಾಪೋಷಕರು, ಸರಳಜೀವಿ, ಮೃದುಭಾಷಿ. ಮೃದುಭಾಷಿ ಎಂದಾಗ ಧಾರಾವಿಯ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಕೂರಲಾಗುತ್ತಿರಲಿಲ್ಲ. ಆಗ ನಿಧಿ ಎದ್ದು ಹೋಗಿ ಮೈಕು ಹಿಡಿದಳು. ಸಭೆಯ ಕಡೆ ತಿರುಗಲೇ ಇಲ್ಲ, ಫೋಟೋದ ಕಡೆ ನಿಂತಳು.

"ಅಂಕಲ್, ನೀವು ರಾಂಗ್," ಎಂದಳು. "ನೀವು ತಪ್ಪು ಹೇಳಿದ್ರಿ."

ಮುಂದಿನ ಸಾಲಿನಲ್ಲಿದ್ದ ಸಂಬಂಧಿಕರು ದಂಗಾದರು. ಸಂಘದ ಕಾರ್ಯದರ್ಶಿ ಎದ್ದು ಬಂದರು. ಅವರನ್ನು ಕೈಸನ್ನೆಯಿಂದಲೇ ಕೂರಿಸಿದವರು ಆ ಬ್ಯಾಂಕಿನ ಸ್ನೇಹಿತರು, ಎದುರು ಕೂತು ಅರ್ಥ ಹೇಳುತ್ತಿದ್ದವರು.

ಅವಳ ಕನ್ನಡ ಕುಂಟುತ್ತಿತ್ತು. ಸಿಕ್ಕಿದ ಕಡೆ ಹಿಂದಿ ಹಾಕುತ್ತಿದ್ದಳು. ಆದರೆ ನಿಲ್ಲಲಿಲ್ಲ. "ಕೆಲಸ ಅವರದ್ದು, ಹೆಸರು ನನ್ನದು ಅಂದ್ರಿ. ಸರಿ, ನಾನು ಬಾಗಿಲಲ್ಲಿ ನಿಂತಿದ್ದೆ. ಆದರೆ ಐದನೇ ಫ್ಲೋರಿನ ಆಂಟಿ ಏನು ಹೇಳಿದ್ರು ಗೊತ್ತಾ? ಇಷ್ಟು ವರ್ಷದಲ್ಲಿ ನನ್ನ ಅಡಿಗೆ ತಿನ್ನೋಕೆ ಎಲ್ಲರೂ ಬಂದ್ರು, ಕೇಳೋಕೆ ಯಾರೂ ಬಂದಿಲ್ಲ ಅಂದ್ರು. ನಾನು ಕೇಳೋಕೆ ಹೋದೆ. ಅದು ಕೆಲಸ ಅಲ್ವಾ? ನಿಮ್ಮ ಶೋನಲ್ಲಿ ನೀವು ಮಾಡಿದ್ದೂ ಅದೇ ಅಲ್ವಾ? ಇನ್ನೊಂದು. ನನಗೆ ಹೇಳೋಕೆ ಏನಿಲ್ಲ, ಅದಕ್ಕೇ ಕುಕ್ಕರ್ ಬಾಯಿಂದ ಹೇಳಿಸಿದೆ ಅಂದ್ರಿ. ನೀವು? ಲೈಫ್ ಪೂರಾ ರಾಜರ ಬಾಯಿಂದ ಮಾತಾಡಿದ್ರಿ. ನಿಮ್ಮ ಬಾಯಿಂದ ಏನು ಹೇಳಿದ್ರಿ? ಫರಕ್ ಏನು ಅಂಕಲ್?"

ಆ ಸ್ನೇಹಿತರು ನಿಧಾನಕ್ಕೆ ಎದ್ದು, ಶಲ್ಯ ಸರಿಮಾಡಿಕೊಂಡು, ವೇದಿಕೆ ಹತ್ತಿ ಫೋಟೋದ ಪಕ್ಕ ನಿಂತರು. ಅವರು ಈಗ ಅವರಾಗಿರಲಿಲ್ಲ. ತೀರಿಕೊಂಡವರ ಪಾತ್ರಕ್ಕೆ ಇಳಿದಿದ್ದರು.

"ಫರಕ್ ಉಂಟು ಮಗಾ," ಎಂದರು. ದನಿ ಬೇರೆ, ವರಸೆ ಮಾತ್ರ ಅದೇ. "ರಾಜನ ಬಾಯಿಗೆ ಮಾತು ಹಾಕಿದವ ನಾನು. ನೀನು ಕುಕ್ಕರಿನ ಬಾಯಿಗೆ ಎಂಥ ಹಾಕಿದ್ದಿ? ಅದು ಕೂಗಿದ್ದನ್ನು ತಂದಿ, ಅಷ್ಟೆ."

"ಸರದಿ ಹಾಕಿದೆ," ಎಂದಳು ನಿಧಿ ತಟ್ಟನೆ. "ಯಾರದ್ದು ಮೊದಲು, ಯಾರದ್ದು ಆಮೇಲೆ. ಅದರಲ್ಲೇ ನಮ್ಮ ಬಿಲ್ಡಿಂಗಿನ ಕಥೆ ಇದ್ಯಲ್ಲ ಅಂಕಲ್."

ಅವರು ಬಾಯಿ ತೆರೆದರು. ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಎರಡೂ ಕೈ ಎತ್ತಿ, "ಸೋತೆ ಮಗಾ, ಸೋತೆ. ನೀನೇ ಗೆದ್ದಿ," ಎಂದರು. ಸಂತಾಪ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದು ಎಂಬುದನ್ನೂ ಮರೆತು ಜನ ಚಪ್ಪಾಳೆ ಹೊಡೆದರು. ಧಾರಾವಿಯ ಹುಡುಗರು ಸಿಳ್ಳೆ ಹಾಕಿದರು. ತೀರಿಕೊಂಡವರ ಹೆಂಡತಿ ಮುಂದಿನ ಸಾಲಿನಿಂದ ಎದ್ದು ಬಂದು ನಿಧಿಯ ತಲೆ ಸವರಿದರು. ನನ್ನ ಅಷ್ಟು ದಿನದ ಸಿಟ್ಟೆಲ್ಲ ಇಳಿಯಿತು ಅಂದುಕೊಂಡೆ.

ಮಾಟುಂಗ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿದೆವು. ಭಾನುವಾರದ ಸಂಜೆ, ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕಿತು. ಸಯಾನ್ ಬರುವವರೆಗೆ ನಿಧಿ ಒಂದೇ ಸಮ ಮಾತಾಡಿದಳು, ನಕ್ಕಳು. ಕುರ್ಲಾದಲ್ಲಿ ಸುಮ್ಮನಾದಳು. ಘಾಟ್ಕೋಪರ್ ಬರುವ ಹೊತ್ತಿಗೆ ಸೀಟು ಬಿಟ್ಟೆದ್ದು ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದಳು. ನಾನೂ ಎದ್ದು ಹೋದೆ.

"ಏನಾಯ್ತು ಕಂದ? ಚೆನ್ನಾಗಿ ಹೇಳಿದೆ ಕಣೆ."

"ಸರದಿ ನನ್ನದಲ್ಲ ಅಮ್ಮ," ಎಂದಳು. "ಬೆಳಗ್ಗೆ ಅವು ಯಾವ ಸರದಿಯಲ್ಲಿ ಕೂಗುತ್ತೋ ಹಾಗೇ ಇಟ್ಟೆ. ಯಾರ ಮನೆಯವರು ಮೊದಲು ಆಫೀಸಿಗೆ ಹೋಗ್ತಾರೋ ಅವರ ಕುಕ್ಕರ್ ಮೊದಲು. ಅಂಕಲ್ ಇದ್ದಿದ್ರೆ ಅಲ್ಲೇ ಹಿಡೀತಿದ್ರು. ಸರದಿ ಹಾಕಿದ್ದು ನೀನಲ್ಲ ಮಗಾ, ಗಂಡಂದಿರ ಟ್ರೈನು, ಅಂತಿದ್ರು."

ಅವರ ವರಸೆಯಲ್ಲೇ ಹೇಳಿದಳು. ಕನ್ನಡ ಒಂದು ಕಡೆಯೂ ತಡವರಿಸಲಿಲ್ಲ.

"ಅದಕ್ಕೆ ನೀನೇನು ಹೇಳ್ತಿದ್ದೆ?"

"ಗೊತ್ತಿಲ್ಲ." ಮೂಗು ಒರೆಸಿಕೊಂಡಳು. "ಆ ಇನ್ನೊಬ್ಬ ಅಂಕಲ್‌ಗೂ ಅದು ಹೊಳೀತು ಅಮ್ಮ, ನಾನು ಮುಖ ನೋಡಿದೆ. ಹೊಳೆದರೂ ಹೇಳಲಿಲ್ಲ. ಪಾಪ ಅಂತ ಬಿಟ್ಟುಕೊಟ್ಟರು."

ಡಬ್ಬಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ನನ್ನ ಹೆಗಲಿಗೆ ಮುಖ ಒತ್ತಿ, ಅವರು ಸತ್ತಂದಿನಿಂದ ಒಂದು ಹನಿಯೂ ಅಳದವಳು ಗಟ್ಟಿಯಾಗಿ ಅಳತೊಡಗಿದಳು.

"ಅವರು ಬಿಡ್ತಿರಲಿಲ್ಲ ಅಮ್ಮ. ನನ್ನನ್ನ ಅವರು ಗೆಲ್ಲೋಕೆ ಬಿಡ್ತಿರಲಿಲ್ಲ."